ಹೆಸರಿಗಿಂತ ಹಡಗು ಮುಖ್ಯ: ಟಾಸ್ಮೇನಿಯಾಕ್ಕೆ ಸಾಗಿಸಿದ ಕೈದಿಯ ಜಾಡು ಹಿಡಿಯುವುದು ಹೇಗೆ?

ಪ್ರಶ್ನೆ: ನಮ್ಮ ಮಗಳು ಮೆಲ್ಬರ್ನ್‌ನಲ್ಲಿದ್ದಾಳೆ, ಅಳಿಯ ಅಲ್ಲಿಯವನೇ. ಅವನ ಅಜ್ಜಿ ಹೇಳುವ ಪ್ರಕಾರ ಅವರ ಮನೆತನದ ಮೂಲಪುರುಷ 1830ರ ಆಸುಪಾಸಿನಲ್ಲಿ ಇಂಗ್ಲೆಂಡಿನಲ್ಲಿ ಬ್ರೆಡ್ ಕದ್ದು ಸಿಕ್ಕಿಬಿದ್ದು, ಏಳು ವರ್ಷದ ಶಿಕ್ಷೆಯಾಗಿ ಟಾಸ್ಮೇನಿಯಾಕ್ಕೆ ಹೋದವನಂತೆ. ಅದಕ್ಕೂ ಮುಂಚೆ ಸೈನ್ಯದಲ್ಲಿದ್ದು ಇಂಡಿಯಾಕ್ಕೂ ಬಂದಿದ್ದನಂತೆ. ನಮ್ಮ ಕೈಯಲ್ಲಿರುವುದು ಅವನ ಹೆಸರು, ಮತ್ತು 1860ರ ದಶಕದಲ್ಲಿ ವಿಕ್ಟೋರಿಯಾದ ಚಿನ್ನದ ಗಣಿಯ ಊರೊಂದರಲ್ಲಿ ತೀರಿಕೊಂಡ ಎಂಬ ಮಾತು, ಅಷ್ಟೇ. ಮೊಮ್ಮಗಳಿಗಾಗಿ ಅವನ ಬದುಕನ್ನು ಬರೆದಿಡಬೇಕೆಂದಿದ್ದೇನೆ. ಬೆಂಗಳೂರಿನಲ್ಲಿ ಕುಳಿತೇ ಇದು ಸಾಧ್ಯವೇ? ಎಲ್ಲಿಂದ ಶುರು ಮಾಡಲಿ?

ಉತ್ತರ: ಖಂಡಿತ ಸಾಧ್ಯ. ಮುಕ್ಕಾಲು ಕೆಲಸ ಮನೆಯಿಂದಲೇ ಆಗುತ್ತದೆ, ಹೆಚ್ಚು ದುಡ್ಡೂ ಬೇಕಾಗುವುದಿಲ್ಲ. ಕರಿನೀರಿನ ಶಿಕ್ಷೆ ಎಂದರೆ ನಮಗೆ ಥಟ್ಟನೆ ನೆನಪಾಗುವುದು ಅಂಡಮಾನ್. ಅದಕ್ಕೂ ಬಹಳ ಮುಂಚೆ ಬ್ರಿಟಿಷರು ತಮ್ಮವರನ್ನೇ ಹೀಗೆ ಕಡಲಾಚೆ ಸಾಗಿಸುತ್ತಿದ್ದರು. 1788ರಿಂದ 1868ರವರೆಗೆ ಆಸ್ಟ್ರೇಲಿಯಾಕ್ಕೆ ಹೋದ ಕೈದಿಗಳು ಸುಮಾರು 1,62,000. ಅವರಲ್ಲಿ ಸುಮಾರು 80,000 ಮಂದಿ ನ್ಯೂ ಸೌತ್ ವೇಲ್ಸಿಗೆ, 70,000ಕ್ಕೂ ಹೆಚ್ಚು ಮಂದಿ ಆಗ ವ್ಯಾನ್ ಡೀಮನ್ಸ್ ಲ್ಯಾಂಡ್ ಎನ್ನುತ್ತಿದ್ದ ಟಾಸ್ಮೇನಿಯಾಕ್ಕೆ, ಉಳಿದ ಹತ್ತು ಸಾವಿರದಷ್ಟು ಮಂದಿ 1850ರ ನಂತರ ಪಶ್ಚಿಮ ಆಸ್ಟ್ರೇಲಿಯಾಕ್ಕೆ ಹೋದರು. ನಿಮ್ಮ ಅದೃಷ್ಟಕ್ಕೆ ಈ ಮೂರರಲ್ಲಿ ದಫ್ತರ ಅತ್ಯಂತ ಅಚ್ಚುಕಟ್ಟಾಗಿ ಉಳಿದಿರುವುದು ಟಾಸ್ಮೇನಿಯಾದಲ್ಲಿ. 2007ರಲ್ಲಿ ಯುನೆಸ್ಕೋ ತನ್ನ ವಿಶ್ವಸ್ಮೃತಿ ಪಟ್ಟಿಗೆ ಸೇರಿಸಿದ ಆಸ್ಟ್ರೇಲಿಯಾದ ಕೈದಿ ದಾಖಲೆಗಳಲ್ಲಿ ಇವೂ ಇವೆ. ಒಬ್ಬ ಕೂಲಿಯಾಳಿನ ಎತ್ತರ, ಕಣ್ಣಿನ ಬಣ್ಣ, ಮೈಮೇಲಿನ ಹಚ್ಚೆ, ಒಡೆಯನಿಗೆ ಎದುರಾಡಿದ ತಾರೀಖು, ಇವೆಲ್ಲ ಅಲ್ಲಿ ಬರೆದಿಟ್ಟಿವೆ. ಅವನ ಊರಿನ ಜಮೀನ್ದಾರನ ಬಗ್ಗೆ ಕೂಡ ಇಷ್ಟು ವಿವರ ಉಳಿದಿರಲಿಕ್ಕಿಲ್ಲ.

ಹುಡುಕಾಟ ಶುರು ಮಾಡುವ ಮುಂಚೆ ಒಂದು ಮಾತು ಮನಸ್ಸಿನಲ್ಲಿರಲಿ. ಹೆಸರಿನ ಬೆನ್ನು ಹತ್ತಬೇಡಿ, ಹಡಗಿನ ಹೆಸರು ಹಿಡಿಯಿರಿ. ಒಂದೇ ಹೆಸರಿನ ಹತ್ತಾರು ಕೈದಿಗಳು ಆ ದ್ವೀಪದಲ್ಲಿದ್ದರು. ಅಲ್ಲಿನ ಗುಮಾಸ್ತರಿಗೂ ಇದೇ ತಲೆನೋವು. ಅದಕ್ಕೇ ಅವರು ಕೈದಿಯ ಹೆಸರಿನ ಜೊತೆ ಅವನು ಬಂದ ಹಡಗನ್ನು ಸೇರಿಸಿಯೇ ಬರೆಯುತ್ತಿದ್ದರು. ಮದುವೆಯ ಅರ್ಜಿಯಲ್ಲಿ, ಓಡಿಹೋದವರ ಪಟ್ಟಿಯಲ್ಲಿ, ಕ್ಷಮಾಪಣೆಯ ಪ್ರಕಟಣೆಯಲ್ಲಿ, ಎಲ್ಲೆಲ್ಲೂ ‘ಇಂಥವನು, ಇಂಥ ಹಡಗಿನವನು’. ನಮ್ಮಲ್ಲಿ ಹೆಸರಿನ ಜೊತೆ ಊರಿನ ಹೆಸರು ಅಂಟಿಕೊಂಡ ಹಾಗೆ ಅಲ್ಲಿ ಹಡಗಿನ ಹೆಸರು ಕೈದಿಗೆ ಜೀವನಪೂರ್ತಿ ಅಂಟಿಕೊಂಡಿತ್ತು. ಹಡಗು ಮತ್ತು ಅದು ಬಂದ ವರ್ಷ ಸಿಕ್ಕಿತೆಂದರೆ ಮಿಕ್ಕಿದ್ದೆಲ್ಲ ಒಂದರ ಹಿಂದೆ ಒಂದು ಬಿಚ್ಚಿಕೊಳ್ಳುತ್ತದೆ. ಸಿಗುವ ತನಕ ಏನನ್ನೂ ಖಚಿತವೆಂದು ಬರೆದುಕೊಳ್ಳಬೇಡಿ. ವರ್ಷವನ್ನು ಬಿಡಬೇಡಿ, ಯಾಕೆಂದರೆ ಒಂದೇ ಹಡಗು ಮೂರು ನಾಲ್ಕು ಸಲ ಕೈದಿಗಳನ್ನು ತಂದದ್ದುಂಟು.

ಶುರು ಮಾಡಬೇಕಾದ್ದು ಅವನ ಸಾವಿನಿಂದ. ಇಂಗ್ಲೆಂಡಿನ ಜನನದಿಂದ ಮುಂದಕ್ಕೆ ಬರಲು ಹೊರಟವರು ಸಾಮಾನ್ಯವಾಗಿ ಬೇರೆ ಯಾರದೋ ಪೂರ್ವಜನ ಮನೆ ಬಾಗಿಲಿಗೆ ಹೋಗಿ ನಿಲ್ಲುತ್ತಾರೆ. ಇಂಗ್ಲೆಂಡಿನಲ್ಲಿ ಜನನ ಮರಣಗಳ ಸರ್ಕಾರಿ ನೋಂದಣಿ ಬಂದದ್ದೇ 1837ರ ಜುಲೈನಲ್ಲಿ. ನಿಮ್ಮವನು ಹುಟ್ಟಿದ ಕಾಲಕ್ಕೆ ಇದ್ದದ್ದು ಚರ್ಚಿನ ದೀಕ್ಷಾಸ್ನಾನದ ಪುಸ್ತಕ ಮಾತ್ರ, ಅದರಲ್ಲಿ ಒಂದೇ ಹೆಸರು ಊರಿಗೆ ನಾಲ್ಕು. ಅವನು ವಿಕ್ಟೋರಿಯಾದಲ್ಲಿ ತೀರಿಕೊಂಡಿದ್ದರೆ ಅದು ಒಳ್ಳೆಯ ಸುದ್ದಿಯೇ. 1853ರಲ್ಲಿ ಶುರುವಾದ ವಿಕ್ಟೋರಿಯಾದ ಮರಣ ಪತ್ರದಷ್ಟು ತುಂಬಿದ ಮರಣ ಪತ್ರ ಆ ಕಾಲದಲ್ಲಿ ಬೇರೆ ಕಡೆ ಸಿಗುವುದು ಕಷ್ಟ. ತಂದೆಯ ಹೆಸರು ಮತ್ತು ಕಸುಬು, ತಾಯಿಯ ತವರು ಹೆಸರು, ಹುಟ್ಟಿದ ಊರು, ಎಲ್ಲಿ ಯಾವ ವಯಸ್ಸಿನಲ್ಲಿ ಯಾರನ್ನು ಮದುವೆಯಾದ, ಮಕ್ಕಳ ಹೆಸರು ಮತ್ತು ವಯಸ್ಸು, ಯಾವ ವಸಾಹತಿನಲ್ಲಿ ಎಷ್ಟು ವರ್ಷ ಇದ್ದ, ಇಷ್ಟಕ್ಕೂ ಅದರಲ್ಲಿ ಜಾಗವಿದೆ. ವಿಕ್ಟೋರಿಯಾ ಸರ್ಕಾರದ ನೋಂದಣಿ ಇಲಾಖೆಯ ಜಾಲತಾಣದಲ್ಲಿ ಸೂಚಿಯನ್ನು ಹುಡುಕಿ, ಹಣ ಕಟ್ಟಿ ಪ್ರತಿಯನ್ನು ಇಳಿಸಿಕೊಳ್ಳಬಹುದು. ಈ ಕೆಲಸದಲ್ಲಿ ನೀವು ಮಾಡುವ ಮೊದಲ ಖರ್ಚು ಇದೇ ಆಗಿರಲಿ.

ಆ ಪತ್ರದಲ್ಲಿ ಮೊದಲು ಕಣ್ಣು ಹೋಗಬೇಕಾದ್ದು ಕೊನೆಯ ಸಂಗತಿಯ ಕಡೆಗೆ. 1864ರಲ್ಲಿ ಸತ್ತವನ ಪತ್ರದಲ್ಲಿ ‘ಟಾಸ್ಮೇನಿಯಾ 20 ವರ್ಷ, ವಿಕ್ಟೋರಿಯಾ 12 ವರ್ಷ’ ಎಂದಿದೆ ಅಂತಿಟ್ಟುಕೊಳ್ಳಿ. 64ರಲ್ಲಿ 32 ಕಳೆದರೆ 1832. ಆಚೆ ಈಚೆ ಮೂರು ವರ್ಷ ಬಿಟ್ಟು 1829ರಿಂದ 1835ರ ನಡುವೆ ಬಂದ ಹಡಗುಗಳನ್ನು ನೋಡಿದರೆ ಸಾಕು, ಹುಡುಕಬೇಕಾದ ರಾಶಿ ಒಂದೇ ಏಟಿಗೆ ಕರಗುತ್ತದೆ. ಆದರೆ ಈ ವಿವರ ಕೊಟ್ಟವನು ಸತ್ತವನಲ್ಲ, ಅವನ ಮಗನೋ ನೆರೆಯವನೋ. ಎಷ್ಟೋ ಪತ್ರಗಳಲ್ಲಿ ಟಾಸ್ಮೇನಿಯಾದ ವರ್ಷಗಳೇ ಮಾಯವಾಗಿರುತ್ತವೆ. ಅದಕ್ಕೆ ಕಾರಣವೂ ಇದೆ. ಚಿನ್ನ ಸಿಕ್ಕಿದ್ದೇ ತಡ ಟಾಸ್ಮೇನಿಯಾದ ಮಾಜಿ ಕೈದಿಗಳು ಬಾಸ್ ಜಲಸಂಧಿ ದಾಟಿ ನುಗ್ಗಿದಾಗ, 1852ರಲ್ಲಿ ವಿಕ್ಟೋರಿಯಾ ಅವರನ್ನು ತಡೆಯಲೆಂದೇ ಒಂದು ಕಾಯಿದೆ ತಂದಿತು. ಷರತ್ತಿನ ಕ್ಷಮಾಪಣೆ, ಅಂದರೆ ಬ್ರಿಟನ್ನಿಗೆ ಮರಳಬಾರದೆಂಬ ಷರತ್ತಿನ ಮೇಲೆ ಸಿಕ್ಕ ಬಿಡುಗಡೆ, ಇದ್ದವನೂ ಸಿಕ್ಕಿಬಿದ್ದರೆ ಶಿಕ್ಷೆ. ಹೀಗಾಗಿ ಹೆಸರು ತುಸು ತಿರುಚಿದರು, ‘ಸ್ವಂತ ದುಡ್ಡಿನಲ್ಲಿ ಬಂದವನು’ ಎಂದು ಮಕ್ಕಳಿಗೂ ಹೇಳಿದರು. ನಿಮ್ಮ ಬೀಗರ ಮನೆಯಲ್ಲಿ ಕೈದಿ ಎಂಬ ಮಾತು ಇಷ್ಟು ತಲೆಮಾರು ಉಳಿದು ಬಂದಿರುವುದು ನಿಜಕ್ಕೂ ದೊಡ್ಡದು. ಆ ಅಜ್ಜಿಗೆ ಗೊತ್ತಿರುವುದನ್ನೆಲ್ಲ ಈಗಲೇ ಕೇಳಿ ಬರೆದಿಟ್ಟುಕೊಳ್ಳಿ. ಹೆಂಡತಿಯ ಹೆಸರು, ಮಕ್ಕಳ ಹೆಸರು, ಯಾವ ಚರ್ಚು, ಯಾವ ಕಸುಬು ಎಂಬ ಸಣ್ಣ ಸಂಗತಿಗಳು ಮುಂದೆ ಇಬ್ಬರು ಒಂದೇ ಹೆಸರಿನವರನ್ನು ಬೇರ್ಪಡಿಸುವಾಗ ಬೇಕಾಗುತ್ತವೆ.

ಇನ್ನು ಹಡಗು. ಟಾಸ್ಮೇನಿಯಾದ ಸರ್ಕಾರಿ ಗ್ರಂಥಾಲಯ ಮತ್ತು ಪತ್ರಾಗಾರದ ಜಾಲತಾಣದಲ್ಲಿ ‘ಟಾಸ್ಮೇನಿಯನ್ ನೇಮ್ಸ್ ಇಂಡೆಕ್ಸ್’ ಎಂಬ ಹೆಸರುಗಳ ಸೂಚಿ ಇದೆ. ಪೂರ್ತಿ ಉಚಿತ, ಮೂಲ ಪುಟದ ಚಿತ್ರವೂ ಉಚಿತ. ಹೆಸರು ಹಾಕಿ, ದಾಖಲೆಯ ಬಗೆಯಲ್ಲಿ ಕೈದಿಗಳನ್ನು ಆರಿಸಿಕೊಂಡರೆ ಹೆಸರು, ಹಡಗು, ಹೊರಟ ಬಂದರು, ತಲುಪಿದ ತಾರೀಖು ಕಾಣುತ್ತವೆ. ನಿಮ್ಮ ಹೆಸರಿಗೆ ಹತ್ತೋ ಹದಿನೈದೋ ಮಂದಿ ಬಂದರೆ ಗಾಬರಿ ಬೇಡ. ಒಂದು ದೊಡ್ಡ ಹಾಳೆಯಲ್ಲಿ ಗೆರೆ ಹಾಕಿ ಹಡಗು, ಬಂದ ವರ್ಷ, ವಿಚಾರಣೆಯ ಊರು ಮತ್ತು ತಾರೀಖು, ಶಿಕ್ಷೆಯ ಅವಧಿ, ವಯಸ್ಸು, ಎತ್ತರ, ಹುಟ್ಟೂರು, ಕಸುಬು ಎಂದು ಕಾಲಂ ಮಾಡಿ ಅಷ್ಟೂ ಮಂದಿಯನ್ನು ಬರೆಯಿರಿ. ಆಮೇಲೆ ನಿಮ್ಮವನಲ್ಲದವರನ್ನು ಕಾರಣ ಬರೆದು ಕಳೆಯುತ್ತಾ ಬನ್ನಿ. ಒಬ್ಬ 1838ರಲ್ಲಿ ಆಸ್ಪತ್ರೆಯಲ್ಲಿ ಸತ್ತ, ಹೋದ. ಇನ್ನೊಬ್ಬನದು ಜೀವಾವಧಿ, ನಿಮ್ಮವನದು ಏಳು ವರ್ಷವೆಂಬ ಮಾತಿದೆ, ಅವನನ್ನು ಪಕ್ಕಕ್ಕಿಡಿ ಆದರೆ ಹೊಡೆದುಹಾಕಬೇಡಿ, ಮನೆಮಾತು ತಪ್ಪಿರಬಹುದು. ‘ಇವನೇ ಇರಬೇಕು’ ಅನ್ನಿಸಿದ ಮೊದಲ ಹೆಸರನ್ನೇ ಹಿಡಿದು ಕೂರುವುದು ಈ ಕೆಲಸದಲ್ಲಿ ಎಲ್ಲರೂ ಮಾಡುವ ತಪ್ಪು. ಹಣ ಕಟ್ಟುವ ವಂಶವೃಕ್ಷದ ತಾಣಗಳು ಬೇರೆಯವರು ಹಾಕಿದ ವೃಕ್ಷಗಳನ್ನು ‘ಸುಳಿವು’ ಎಂದು ಮುಂದಿಡುತ್ತವೆ. ಒಬ್ಬರ ತಪ್ಪನ್ನು ನೂರು ಮಂದಿ ನಕಲು ಮಾಡಿರುತ್ತಾರೆ. ನೂರು ಕಡೆ ಇದೆ ಎಂದ ಮಾತ್ರಕ್ಕೆ ಅದು ನೂರು ಸಾಕ್ಷಿಯಾಗುವುದಿಲ್ಲ.

ಹೆಸರು ಸಿಗದಿದ್ದರೆ ಕಾಗುಣಿತ ಬದಲಿಸಿ ನೋಡಿ. ಕೈದಿಗಳಲ್ಲಿ ಅನೇಕರಿಗೆ ಓದುಬರಹವಿಲ್ಲ, ಗುಮಾಸ್ತ ಕೇಳಿದ್ದನ್ನು ಬರೆದುಕೊಂಡ. ಲಂಡನ್ ಕಡೆಯವರು ಹೆಸರಿನ ಮೊದಲ ‘ಹ’ಕಾರ ನುಂಗುತ್ತಾರೆ, ಐರಿಷರ ಉಚ್ಚಾರವೇ ಬೇರೆ, ‘ಓ’ ಮತ್ತು ‘ಮ್ಯಾಕ್’ ಒಮ್ಮೆ ಇರುತ್ತದೆ, ಒಮ್ಮೆ ಇರುವುದಿಲ್ಲ.

ಹಡಗು ಖಚಿತವಾದ ಮೇಲೆ ಅದರ ಕಥೆಯನ್ನೊಮ್ಮೆ ಓದಿ, ಯಾಕೆಂದರೆ ಕೆಲವು ಹಡಗುಗಳ ಹೆಸರೇ ಅಪರಾಧವನ್ನು ಹೇಳಿಬಿಡುತ್ತದೆ. 1831ರಲ್ಲಿ ಟಾಸ್ಮೇನಿಯಾದ ಮುಖ್ಯ ಬಂದರು ಹೋಬಾರ್ಟ್‌ಗೆ ಬಂದ ಎಲೈಜಾ ಮತ್ತು ಪ್ರೋಟಿಯಸ್‌ಗಳಲ್ಲಿ ಇದ್ದವರು ಹೆಚ್ಚಾಗಿ ದಕ್ಷಿಣ ಇಂಗ್ಲೆಂಡಿನ ಹೊಲಗೂಲಿಗಳು. ಒಕ್ಕಣೆ ಯಂತ್ರಗಳು ಬಂದು ಚಳಿಗಾಲದ ಕೂಲಿ ತಪ್ಪಿತೆಂದು 1830ರಲ್ಲಿ ದಂಗೆ ಎದ್ದು ಯಂತ್ರ ಒಡೆದವರು. ನಿಮ್ಮವನು ಈ ಎರಡರಲ್ಲಿ ಒಂದರಲ್ಲಿ ಬಂದಿದ್ದರೆ ಬ್ರೆಡ್ಡಿನ ಕಥೆಯನ್ನು ಪಕ್ಕಕ್ಕಿಟ್ಟು ಬೇರೆಯೇ ಕಥೆ ಬರೆಯಬೇಕಾಗುತ್ತದೆ. ಬ್ರೆಡ್ ಕದ್ದ ಮಾತು ಆಸ್ಟ್ರೇಲಿಯಾದ ಎಷ್ಟೋ ಮನೆಗಳಲ್ಲಿದೆ. ಕಡತ ತೆಗೆದರೆ ಸಿಗುವುದು ಬಟ್ಟೆ, ಕರವಸ್ತ್ರ, ಬೂಟು, ಗಡಿಯಾರ, ಕುರಿ, ಕೋಳಿ. ಹಸಿವು ಸುಳ್ಳಲ್ಲ. ಕದ್ದದ್ದನ್ನು ಮಾರಿ ತಿಂದವರೇ ಹೆಚ್ಚು.

ಹಾಗೆಯೇ ಒಟ್ಟಿಗೆ ಶಿಕ್ಷೆಯಾದವರೆಲ್ಲ ಒಟ್ಟಿಗೇ ಹೋದರು ಎಂದುಕೊಳ್ಳಬೇಡಿ. ಡಾರ್ಸೆಟ್‌ನ ಟಾಲ್‌ಪಡಲ್ ಹಳ್ಳಿಯ ಆರು ಕೂಲಿಗಳಿಗೆ, ಸಂಘ ಕಟ್ಟಿ ಗುಟ್ಟಾಗಿ ಪ್ರಮಾಣ ಮಾಡಿಸಿದರೆಂದು, 1834ರ ಮಾರ್ಚಿನಲ್ಲಿ ಒಂದೇ ನ್ಯಾಯಾಲಯ ಏಳು ವರ್ಷ ವಿಧಿಸಿತು. ಐವರು ಸರ್ರಿ ಹಡಗಿನಲ್ಲಿ ಸಿಡ್ನಿಗೆ ಹೋದರು. ಅವರ ಮುಂದಾಳು ಜಾರ್ಜ್ ಲವ್‌ಲೆಸ್ ಕಾಯಿಲೆ ಬಿದ್ದು ಹಿಂದುಳಿದದ್ದರಿಂದ ವಿಲಿಯಂ ಮೆಟ್‌ಕಾಫ್ ಎಂಬ ಬೇರೆ ಹಡಗು ಹತ್ತಿ ಹೋಬಾರ್ಟ್‌ಗೆ ಹೋಗಿ ಇಳಿದ. ಒಂದು ಜ್ವರ ಅವನ ವಸಾಹತನ್ನೇ ಬದಲಿಸಿತು.

ಟಾಸ್ಮೇನಿಯಾದ ಕೈದಿ ದಫ್ತರಕ್ಕೆ ಸಿ-ಓ-ಎನ್ ಎಂಬ ಮೂರಕ್ಷರದ ಗುರುತು ಇದೆ, ಕಾನ್ ಎಂದೇ ಹೇಳುವುದು. 1840ಕ್ಕೆ ಮುಂಚೆ ಬಂದ ಗಂಡಸಿನ ನಡತೆ ಪುಸ್ತಕ ಕಾನ್ 31, ಹೆಂಗಸಿನದು ಕಾನ್ 40. 1840ರ ನಂತರದ ಪ್ರೊಬೇಷನ್ ಪದ್ಧತಿಯ, ಅಂದರೆ ಒಡೆಯರ ಬಳಿ ಹೋಗುವ ಮುಂಚೆ ಸರ್ಕಾರಿ ತಂಡಗಳಲ್ಲಿ ದುಡಿಯಬೇಕಾಗಿದ್ದ, ಗಂಡಸರಿಗೆ ಕಾನ್ 33, 1844ರಿಂದ ಬಂದ ಹೆಂಗಸರಿಗೆ ಕಾನ್ 41. ಚಹರೆ ಪಟ್ಟಿ ಗಂಡಸರಿಗೆ ಕಾನ್ 18, ಹೆಂಗಸರಿಗೆ ಕಾನ್ 19. ಹಡಗಿನ ಜೊತೆ ಬಂದ ಪಟ್ಟಿಗಳು ಕಾನ್ 14 ಮತ್ತು 15. ಈ ಕೊನೆಯವನ್ನು ಬಹಳ ಜನ ನೋಡದೆ ಬಿಡುತ್ತಾರೆ. ಅದರಲ್ಲಿ ಹುಟ್ಟೂರಿನಲ್ಲಿರುವ ತಂದೆ, ಅಣ್ಣತಮ್ಮ, ಅಕ್ಕತಂಗಿಯರ ಹೆಸರು ಬರೆದಿದ್ದರೆ ಇಂಗ್ಲೆಂಡಿನ ಚರ್ಚಿನ ಪುಸ್ತಕದಲ್ಲಿ ಅವನ ಮನೆ ಯಾವುದೆಂದು ಗುರುತಿಸಲು ಅದಕ್ಕಿಂತ ಒಳ್ಳೆಯ ಆಧಾರವಿಲ್ಲ.

ಕಾನ್ 31ರ ಒಂದು ಪುಟವನ್ನು ಮುಂದಿಟ್ಟುಕೊಳ್ಳಿ. ತಲೆಯಲ್ಲಿ ಪೊಲೀಸ್ ಸಂಖ್ಯೆ, ಹೆಸರು, ಹಡಗು, ವಿಚಾರಣೆಯ ಊರು ಮತ್ತು ತಾರೀಖು, ಅವಧಿ. ಪೊಲೀಸ್ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ, ಹಡಗಿನ ನಂತರ ಗುರುತಿಗೆ ಅದೇ. ಕೆಳಗೆ ಒತ್ತೊತ್ತಾಗಿ ಬರೆದ ನಾಲ್ಕೈದು ಸಾಲು: ಯಾವ ಅಪರಾಧಕ್ಕೆ ಕಳಿಸಿದ್ದು, ಜೈಲಿನವರು ಏನು ಹೇಳಿದ್ದಾರೆ, ಇಂಗ್ಲೆಂಡಿನ ಹಲ್ಕ್ ಅಂದರೆ ಜೈಲಾಗಿ ಮಾರ್ಪಡಿಸಿದ ಹಳೆಯ ಹಡಗಿನವರು ಏನು ಹೇಳಿದ್ದಾರೆ, ದಾರಿಯಲ್ಲಿ ವೈದ್ಯ ಏನು ಹೇಳಿದ್ದಾನೆ. ಇವುಗಳ ನಡುವೆ ‘ಈ ಅಪರಾಧದ ಬಗ್ಗೆ ಹೇಳಿದ್ದು’ ಎಂಬ ಮಾತಿನಿಂದ ಶುರುವಾಗುವ ಸಾಲೊಂದಿರುತ್ತದೆ. ಬಂದಿಳಿಯುವ ಮುಂಚೆ ಒಬ್ಬೊಬ್ಬನನ್ನೇ ಕರೆದು, ಇಂಗ್ಲೆಂಡಿನಿಂದ ಬಂದ ಕಾಗದ ಎದುರಿಗಿಟ್ಟುಕೊಂಡು ವಿಚಾರಿಸುತ್ತಿದ್ದರು. ಏನು ಕದ್ದೆ, ಯಾರದ್ದು, ಹಿಂದೆ ಎಷ್ಟು ಸಲ ಒಳಗೆ ಹೋಗಿದ್ದೆ, ಮದುವೆಯಾಗಿದೆಯೇ, ಮಕ್ಕಳೆಷ್ಟು. ಇಡೀ ಕಡತದಲ್ಲಿ ಕೈದಿಯ ಸ್ವಂತ ಬಾಯಿಂದ ಬಂದ ಮಾತು ಬಹುಶಃ ಅದೊಂದೇ. ಮೊಮ್ಮಗಳಿಗೆ ಓದಿ ಹೇಳಬೇಕಾದ ಸಾಲೂ ಅದೇ.

ಆಮೇಲಿನದು ತಾರೀಖುವಾರು ತಪ್ಪುಗಳ ಪಟ್ಟಿ. ಕೈದಿಗಳನ್ನು ವಸಾಹತಿನ ಒಡೆಯರ ಬಳಿ ಆಳಾಗಿ ಹಚ್ಚುತ್ತಿದ್ದರು. ಯಾರ ಬಳಿ ಆಳಾಗಿದ್ದ, ಏನು ತಪ್ಪು, ಏನು ಶಿಕ್ಷೆ, ತೀರ್ಪು ಕೊಟ್ಟ ಮ್ಯಾಜಿಸ್ಟ್ರೇಟನ ಹೆಸರಿನ ಮೊದಲಕ್ಷರಗಳು. ಕುಡಿದಿದ್ದ, ರಾತ್ರಿ ಹೇಳದೆ ಹೊರಗಿದ್ದ, ಕೆಲಸದಲ್ಲಿ ಉದಾಸೀನ, ಒಡೆಯನಿಗೆ ಉದ್ಧಟತನ. ಶಿಕ್ಷೆಗೆ ಬೈದು ಬಿಟ್ಟದ್ದೂ ಉಂಟು, ಬರೀ ಬ್ರೆಡ್ ನೀರು ಕೊಟ್ಟು ಒಂಟಿ ಕೋಣೆಯಲ್ಲಿ ಕೂಡಿಹಾಕಿದ್ದೂ ಉಂಟು, ಕಾಲಿನಿಂದ ತುಳಿದು ತಿರುಗಿಸುವ ಚಕ್ರ, 25 ಅಥವಾ 50 ಚಾಟಿ ಏಟು, ಬೇಡಿ ಹಾಕಿ ರಸ್ತೆ ಕೆಲಸ, ಶಿಕ್ಷೆಯ ಅವಧಿ ಹೆಚ್ಚಿಸಿದ್ದು ಎಲ್ಲವೂ ಉಂಟು. ಇದನ್ನು ಓದುವಾಗ ಒಂದು ಎಚ್ಚರಿಕೆ: ಬರೆದವನು ಕಾವಲುಗಾರ, ದೂರು ಕೊಟ್ಟವನು ಒಡೆಯ. ‘ಉದ್ಧಟತನ’ ಎಂಬ ಒಂದು ಪದದ ಹಿಂದೆ ಕೊಡಬೇಕಾದ ಬೂಟು ಕೊಡದ ಒಡೆಯನಿರಬಹುದು. ಪುಟ ತುಂಬ ಏಟುಗಳಿದ್ದರೆ ಕೆಟ್ಟವನೆಂದೂ, ಪುಟ ಖಾಲಿಯಿದ್ದರೆ ಸುಖವಾಗಿದ್ದನೆಂದೂ ತಿಳಿಯಬೇಡಿ. ಒಳ್ಳೆಯ ಒಡೆಯನ ಕೈಗೆ ಸಿಕ್ಕಿದ್ದರೆ ಏಳು ವರ್ಷಕ್ಕೆ ಎರಡೇ ಸಾಲು ಇರಬಹುದು. ಆ ಒಡೆಯ ಯಾರೆಂದು ಸ್ಥಳದ ಹೆಸರಿನ ಜೊತೆ ಹುಡುಕಿದರೆ ಅವನ ಬದುಕಿನ ಖಾಲಿ ವರ್ಷಗಳು ತುಂಬುತ್ತವೆ.

ಬರಹ ಕೂಡಕ್ಷರ, ಸಂಕ್ಷೇಪಗಳ ರಾಶಿ, ಮೊದಮೊದಲು ಒಂದು ಪುಟಕ್ಕೆ ಎರಡು ಗಂಟೆ ಹಿಡಿಯುತ್ತದೆ. ಎರಡು ‘ಎಸ್’ ಜೊತೆಗೆ ಬಂದಾಗ ಮೊದಲನೆಯದು ‘ಎಫ್’ ತರಹ ಕಾಣುತ್ತದೆ. ಜೆ-ಎನ್-ಓ ಅಂದರೆ ಜಾನ್, ಜೆ-ಎ-ಎಸ್ ಅಂದರೆ ಜೇಮ್ಸ್, ಡಬ್ಲ್ಯು-ಎಮ್ ಅಂದರೆ ವಿಲಿಯಂ. 7 ಬರೆದು ಪಕ್ಕದಲ್ಲಿ ‘ಬರ್’ ಎಂದಿದ್ದರೆ ಅದು ಸೆಪ್ಟೆಂಬರ್, ಜುಲೈ ಅಲ್ಲ. 8 ಇದ್ದರೆ ಅಕ್ಟೋಬರ್. ಇದನ್ನು ತಪ್ಪಿ ಓದಿ ಎರಡು ತಿಂಗಳು ಹಿಂದೆ ಹುಡುಕಿದವರು ಬಹಳ. ಅಂಚಿನಲ್ಲಿ ಟಿ.ಎಲ್. ಎಂದಿದ್ದರೆ ಟಿಕೆಟ್ ಆಫ್ ಲೀವ್ (ಅವಧಿಗೆ ಮುಂಚೆ ಸ್ವಂತ ದುಡಿಮೆಗೆ ಕೊಡುತ್ತಿದ್ದ ಪರವಾನಗಿ), ಸಿ.ಪಿ. ಎಂದರೆ ಷರತ್ತಿನ ಕ್ಷಮಾಪಣೆ. ಒಂದು ಪದ ಓದಲಾಗದಿದ್ದರೆ ಅದೇ ಗುಮಾಸ್ತ ಬರೆದ ಪಕ್ಕದ ಪುಟ ತೆಗೆದು, ಗೊತ್ತಿರುವ ಪದದಲ್ಲಿ ಆ ಅಕ್ಷರವನ್ನು ಹೇಗೆ ತಿರುಗಿಸಿದ್ದಾನೆ ನೋಡಿ.

ಚಹರೆ ಪಟ್ಟಿಯಲ್ಲಿ ಎತ್ತರ ಅಡಿ ಇಂಚುಗಳಲ್ಲಿದೆ, ತಲೆ, ಕೂದಲು, ಹುಬ್ಬು, ಕಣ್ಣು, ಮೂಗು, ಬಾಯಿ, ಗದ್ದ ಒಂದೊಂದಕ್ಕೂ ಒಂದು ಮಾತು. ಕೊನೆಯಲ್ಲಿ ಗಾಯದ ಕಲೆ ಮತ್ತು ಹಚ್ಚೆ. ಓಡಿಹೋದವನನ್ನು ಹಿಡಿಯಲು ಬರೆದದ್ದು, ಇಂದು ನಮಗೆ ಅವನ ಭಾವಚಿತ್ರ. ಹಚ್ಚೆಯನ್ನು ಉಪೇಕ್ಷಿಸಬೇಡಿ. ಲಂಗರು, ಹೃದಯ, ಮತ್ಸ್ಯಕನ್ಯೆಗಳ ಪಕ್ಕದಲ್ಲಿ ಎರಡೆರಡು ಅಕ್ಷರಗಳಿರುತ್ತವೆ. ಅವು ಹೆಂಡತಿಯದೋ ತಾಯಿಯದೋ ಅಣ್ಣನದೋ ಹೆಸರಿನ ಮೊದಲಕ್ಷರಗಳಾಗಿರುವುದು ಸಾಮಾನ್ಯ. ಇಂಗ್ಲೆಂಡಿನ ಮದುವೆ ಪುಸ್ತಕದಲ್ಲಿ ಸಿಕ್ಕ ಹೆಂಡತಿಯ ಹೆಸರು ತೋಳಿನ ಮೇಲಿನ ಅಕ್ಷರಕ್ಕೆ ಹೊಂದಿದರೆ ಅದು ಗಟ್ಟಿ ಸಾಕ್ಷಿ. ವಯಸ್ಸನ್ನು ಮಾತ್ರ ನಂಬಬೇಡಿ, ಎರಡರಿಂದ ಐದು ವರ್ಷ ಆಚೀಚೆ ಇರುವುದು ಮಾಮೂಲು. ಎತ್ತರ ನಂಬಬಹುದು, ಅಳೆದು ಬರೆದದ್ದು.

ಇಂಗ್ಲೆಂಡಿನ ಕಡೆ ಹಡಗು ಹೊರಟದ್ದಕ್ಕೆ ಆಧಾರ ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರದ, ಬ್ರಿಟಿಷ್ ಗೃಹ ಇಲಾಖೆಯ (ಹೋಮ್ ಆಫೀಸ್) ಎಚ್‌ಓ 11 ಪುಸ್ತಕಗಳು. ಹಡಗುವಾರು ಹೆಸರು, ವಿಚಾರಣೆಯ ಊರು, ತಾರೀಖು, ಅವಧಿ ಇರುತ್ತವೆ, ಅಪರಾಧ ಇರುವುದಿಲ್ಲ. ಕ್ವೀನ್ಸ್‌ಲ್ಯಾಂಡ್ ರಾಜ್ಯ ಗ್ರಂಥಾಲಯ ಇದನ್ನು ಆಧರಿಸಿ 1,23,000ಕ್ಕೂ ಹೆಚ್ಚು ಹೆಸರುಗಳ ಉಚಿತ ಸೂಚಿ ಮಾಡಿದೆ. ಇದನ್ನು ನೋಡಲೇಬೇಕು, ಯಾಕೆಂದರೆ ದ್ವೀಪಾಂತರ ಶಿಕ್ಷೆಯಾದ ಎಲ್ಲರೂ ಹಡಗು ಹತ್ತಲಿಲ್ಲ. ಎಷ್ಟೋ ಮಂದಿ ಏಳು ವರ್ಷವನ್ನು ಥೇಮ್ಸ್ ದಡದ ಹಲ್ಕ್‌ನಲ್ಲೇ ಕಳೆದು ಊರಿಗೆ ಹೋದರು. ಹತ್ತಿದವರೆಲ್ಲ ಇಳಿಯಲೂ ಇಲ್ಲ. 1835ರ ಏಪ್ರಿಲಿನಲ್ಲಿ ಮೂರನೇ ಜಾರ್ಜ್ ಎಂಬ ಹಡಗು ಹೋಬಾರ್ಟ್ ಹತ್ತಿರ ಬಂಡೆಗೆ ಬಡಿದು ನೂರಕ್ಕೂ ಹೆಚ್ಚು ಕೈದಿಗಳು ಸತ್ತರು. ಅಪರಾಧದ ವಿವರಕ್ಕೆ ಎಚ್‌ಓ 27, ಕೌಂಟಿವಾರು (ನಮ್ಮ ಜಿಲ್ಲೆಯಂಥದು) ವಾರ್ಷಿಕ ಪಟ್ಟಿ. ವಿಚಾರಣೆ ಲಂಡನ್ನಿನ ಓಲ್ಡ್ ಬೇಲಿ ನ್ಯಾಯಾಲಯದಲ್ಲಾಗಿದ್ದರೆ 1674ರಿಂದ 1913ರವರೆಗಿನ ವಿಚಾರಣೆಗಳ ಮುದ್ರಿತ ವರದಿ ಉಚಿತವಾಗಿ ಓದಲು ಸಿಗುತ್ತದೆ. ಬೇರೆ ಕೌಂಟಿಯಾದರೆ ಸ್ಥಳೀಯ ಪತ್ರಿಕೆಯ ಸುದ್ದಿಯೇ ಗತಿ, ಯಾಕೆಂದರೆ ಸಣ್ಣ ಕಳ್ಳತನದ ಸಾಕ್ಷಿ ಹೇಳಿಕೆಗಳು ಹೆಚ್ಚು ಉಳಿದಿಲ್ಲ. ಮೂರು ತಿಂಗಳಿಗೊಮ್ಮೆ ಸೇರುತ್ತಿದ್ದ ಕ್ವಾರ್ಟರ್ ಸೆಷನ್ಸ್ ಎಂಬ ಕೌಂಟಿ ನ್ಯಾಯಾಲಯದ ಕಡತವಾದರೆ ಕ್ಯೂನಲ್ಲಲ್ಲ, ಆಯಾ ಕೌಂಟಿಯ ಪತ್ರಾಗಾರದಲ್ಲಿ.

ಕ್ಯೂನ ಸೂಚಿಯಲ್ಲಿ ಎಚ್‌ಓ 17 ಎಂದೂ ಹುಡುಕಿ. 1819ರಿಂದ 1839ರವರೆಗಿನ ದಯಾಭಿಕ್ಷೆಯ ಅರ್ಜಿಗಳು ಅವು, ಆಮೇಲಿನವು ಎಚ್‌ಓ 18ರಲ್ಲಿ. ಹೆಂಡತಿ, ಪಾದ್ರಿ, ನೆರೆಹೊರೆಯವರು, ಕೆಲವೊಮ್ಮೆ ಫಿರ್ಯಾದಿಯೇ ಸಹಿ ಹಾಕಿ ಬಿಟ್ಟುಬಿಡಿ ಎಂದು ಬೇಡಿಕೊಂಡ ಕಾಗದಗಳು. ಎಲ್ಲರಿಗೂ ಸಿಗುವುದಿಲ್ಲ. ಸಿಕ್ಕರೆ ಅವನ ಮನೆಯ ಪರಿಸ್ಥಿತಿ ಪೂರ್ತಿ ಅದರಲ್ಲಿರುತ್ತದೆ.

ಬಿಡುಗಡೆಯ ಲೆಕ್ಕ ಹೀಗೆ: ಅವಧಿ ಎಣಿಸುವುದು ದ್ವೀಪಕ್ಕೆ ಬಂದ ದಿನದಿಂದಲ್ಲ, ಶಿಕ್ಷೆಯಾದ ದಿನದಿಂದ. 1832ರ ಮಾರ್ಚಿನಲ್ಲಿ ಏಳು ವರ್ಷವಾದರೆ, ನಡುವೆ ಅವಧಿ ಹೆಚ್ಚಿಸದಿದ್ದರೆ, 1839ರ ಮಾರ್ಚಿಗೆ ಬಿಡುಗಡೆ ಪತ್ರ. ಅದಕ್ಕೂ ಮುಂಚೆ ನಡತೆ ಚೆನ್ನಾಗಿದ್ದರೆ ಸಾಮಾನ್ಯವಾಗಿ ನಾಲ್ಕು ವರ್ಷಕ್ಕೆ ಟಿಕೆಟ್ ಆಫ್ ಲೀವ್ ಸಿಗುತ್ತಿತ್ತು. ಹದಿನಾಲ್ಕು ವರ್ಷದವನಿಗೆ ಆರಕ್ಕೆ, ಜೀವಾವಧಿಯವನಿಗೆ ಎಂಟಕ್ಕೆ. ಅದೊಂದು ರಹದಾರಿ ಇದ್ದ ಹಾಗೆ, ತನ್ನ ಕೂಲಿ ತಾನೇ ದುಡಿಯಬಹುದು, ಆದರೆ ಗೊತ್ತುಮಾಡಿದ ಜಿಲ್ಲೆ ಬಿಡುವಂತಿಲ್ಲ. ಜೀವಾವಧಿಯವನಿಗೆ ಬಿಡುಗಡೆ ಪತ್ರ ಹುಡುಕಿ ಪ್ರಯೋಜನವಿಲ್ಲ, ಅವನಿಗೆ ಕ್ಷಮಾಪಣೆ ಮಾತ್ರ. ಕೈದಿಯಾಗಿರುವಾಗ ಮದುವೆಯಾಗಲು ಸರ್ಕಾರದ ಅನುಮತಿ ಬೇಕಿತ್ತು, ಆ ಪುಸ್ತಕ ಕಾನ್ 52. ಇಂಗ್ಲೆಂಡಿನಲ್ಲಿ ಹೆಂಡತಿ ಇದ್ದಾಳೆಂದು ಇಳಿದ ದಿನ ಹೇಳಿದ್ದವನು ಇಲ್ಲಿ ವಿಧುರನೆಂದು ಅರ್ಜಿ ಹಾಕಿದ್ದರೆ ಎರಡನ್ನೂ ಪಕ್ಕಪಕ್ಕ ಇಟ್ಟು ಬರೆಯಿರಿ, ತೀರ್ಪು ಕೊಡಬೇಡಿ. ಹಿಂದಿರುಗುವ ಹಡಗಿನ ಖರ್ಚನ್ನು ಸರ್ಕಾರ ಕೊಡುತ್ತಿರಲಿಲ್ಲ. ಹೆಚ್ಚಿನವರಿಗೆ ಆ ಹೆಂಡತಿಯ ಮುಖ ಮತ್ತೆ ನೋಡುವ ದಾರಿಯೇ ಇರಲಿಲ್ಲ. ಬಿಡುಗಡೆಯಾದ ಮೇಲಿನ ಬದುಕಿಗೆ ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯದ ಟ್ರೋವ್ ಎಂಬ ಹಳೆಯ ಪತ್ರಿಕೆಗಳ ಉಚಿತ ಭಂಡಾರ ಹುಡುಕಿ, ಅಲ್ಲೂ ಹೆಸರಿನ ಜೊತೆ ಹಡಗಿನ ಹೆಸರು ಹಾಕಿ.

ನಿಮ್ಮವನನ್ನು ಹುಡುಕುವ ಮುಂಚೆ ಕೈ ಪಳಗಿಸಿಕೊಳ್ಳಲು ಜಗತ್ತಿಗೆ ಗೊತ್ತಿರುವ ಒಬ್ಬನನ್ನು ಹುಡುಕಿ ನೋಡಿ. ವಿಲಿಯಂ ಕಫೇ ಒಳ್ಳೆಯ ಆಯ್ಕೆ. ಲಂಡನ್ನಿನ ದರ್ಜಿ, ಕೆರಿಬಿಯನ್ ದ್ವೀಪದಲ್ಲಿ ಗುಲಾಮನಾಗಿದ್ದವನ ಮಗ, ಕೂಲಿಕಾರರಿಗೆ ಮತದ ಹಕ್ಕು ಕೇಳಿದ ಚಾರ್ಟಿಸ್ಟ್ ಮುಂದಾಳು. 1848ರಲ್ಲಿ ಓಲ್ಡ್ ಬೇಲಿಯಲ್ಲಿ ಜೀವಾವಧಿ ಶಿಕ್ಷೆಯಾಗಿ 1849ರ ನವೆಂಬರಿನಲ್ಲಿ ಅಡಿಲೇಡ್ ಹಡಗಿನಲ್ಲಿ ಹೋಬಾರ್ಟ್ ಮುಟ್ಟಿದ. 1853ರಲ್ಲಿ ಹೆಂಡತಿ ಅವನಿದ್ದಲ್ಲಿಗೇ ಬಂದಳು. 1856ರಲ್ಲಿ ಕ್ಷಮಾಪಣೆ ಸಿಕ್ಕರೂ ಅಲ್ಲೇ ಉಳಿದು, 1870ರಲ್ಲಿ ಬ್ರಿಕ್‌ಫೀಲ್ಡ್ಸ್ ಎಂಬ ಬಡವರ ಆಶ್ರಯಧಾಮದಲ್ಲಿ ಸತ್ತ. ವಿಚಾರಣೆ, ಹಡಗು, ನಡತೆ ಪುಸ್ತಕ, ಮರಣ, ನಾಲ್ಕನ್ನೂ ನೀವೇ ಹುಡುಕಿ. ಅವನ ಹೆಸರಿಗೆ ಎರಡು ಮೂರು ಕಾಗುಣಿತಗಳಿರುವುದೂ ಆಗ ಅನುಭವಕ್ಕೆ ಬರುತ್ತದೆ. ಬಂದದ್ದು 1849ರಲ್ಲಾದ್ದರಿಂದ ಯಾವ ಕಾನ್ ತೆಗೆಯಬೇಕೆಂದು ಈಗ ನಿಮಗೇ ಗೊತ್ತು.

ಕೊನೆಗೆ ಇಂಡಿಯಾದ ಮಾತು. ಅದನ್ನು ಅಜ್ಜಿಕಥೆಯೆಂದು ತಳ್ಳಿಹಾಕಬೇಡಿ. ಇಲ್ಲಿದ್ದ ಬ್ರಿಟಿಷ್ ಸಿಪಾಯಿಗಳು ಮೇಲಧಿಕಾರಿಯ ಮೇಲೆ ಕೈ ಮಾಡಿದ್ದಕ್ಕೋ, ದಂಡು ಬಿಟ್ಟು ಓಡಿದ್ದಕ್ಕೋ ಸೈನಿಕ ನ್ಯಾಯಾಲಯದಲ್ಲಿ ಶಿಕ್ಷೆಯಾಗಿ ನೇರವಾಗಿ ಆಸ್ಟ್ರೇಲಿಯಾಕ್ಕೆ ಹೋದದ್ದುಂಟು. 1809ರಿಂದ ಬೆಂಗಳೂರಿನಲ್ಲಿ ದಂಡು ಇತ್ತು, ಬಳ್ಳಾರಿ ಬೆಳಗಾವಿಗಳಲ್ಲೂ ಇತ್ತು. ನಡತೆ ಪುಸ್ತಕದಲ್ಲಿ ವಿಚಾರಣೆಯ ಊರಿನ ಜಾಗದಲ್ಲಿ ಇಂಗ್ಲೆಂಡಿನ ಕೌಂಟಿಯ ಬದಲು ಮದ್ರಾಸೋ ಬೆಂಗಳೂರೋ ಇದ್ದರೆ ಮನೆಮಾತಿನ ಅರ್ಧ ಖಚಿತವಾಯಿತು, ಬ್ರೆಡ್ಡಿನ ಅರ್ಧ ಬಿದ್ದುಹೋಯಿತು. ಅಂಥವನು ಎಚ್‌ಓ 11ರಲ್ಲಿ ಸಿಗದಿದ್ದರೆ ಆಶ್ಚರ್ಯವಿಲ್ಲ, ಅದು ಮುಖ್ಯವಾಗಿ ಬ್ರಿಟನ್ನಿನಿಂದ ಹೊರಟ ಹಡಗುಗಳ ಲೆಕ್ಕ. ಆಗ ನೋಡಬೇಕಾದ್ದು ಕ್ಯೂನಲ್ಲಿರುವ ಹೊರನಾಡಿನ ಸೈನಿಕ ನ್ಯಾಯಾಲಯಗಳ ಪುಸ್ತಕ, ಡಬ್ಲ್ಯುಓ 90 (ಡಬ್ಲ್ಯುಓ ಅಂದರೆ ವಾರ್ ಆಫೀಸ್, ಯುದ್ಧ ಇಲಾಖೆ). ಈಸ್ಟ್ ಇಂಡಿಯಾ ಕಂಪನಿಯ ಸಿಪಾಯಿಯಾಗಿದ್ದರೆ ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಫ್ತರ. ವಿಚಾರಣೆ ಇಂಗ್ಲೆಂಡಿನಲ್ಲೇ ಆಗಿದ್ದರೆ ಚಹರೆ ಪಟ್ಟಿಯ ಕೊನೆಯ ಸಾಲನ್ನು ಇನ್ನೊಮ್ಮೆ ಓದಿ. ಎಡ ಕಂಕುಳ ಕೆಳಗೆ ‘ಡಿ’ ಅಕ್ಷರದ ಗುರುತು ಎಂದಿದ್ದರೆ ಅದು ಹಚ್ಚೆಯ ಶೋಕಿಯಲ್ಲ, ಸೈನ್ಯದಿಂದ ಓಡಿಹೋಗಿ ಸಿಕ್ಕವನಿಗೆ ಚುಚ್ಚುತ್ತಿದ್ದ ಮುದ್ರೆ. ಪಿಂಚಣಿ ಪಡೆದು ಬಿಟ್ಟವನಾದರೆ ಡಬ್ಲ್ಯುಓ 97ರಲ್ಲಿ ಅವನ ಸೇವಾಪತ್ರ ಸಿಗಬಹುದು. ಇವುಗಳಲ್ಲಿ ಯಾವುದರಿಂದಲಾದರೂ ರೆಜಿಮೆಂಟಿನ ಸಂಖ್ಯೆ ಗೊತ್ತಾದರೆ ಡಬ್ಲ್ಯುಓ 12ರ ಹಾಜರಿ ಪಟ್ಟಿಗಳಲ್ಲಿ ಅವನು ಯಾವ ವರ್ಷ ಯಾವ ದಂಡಿನಲ್ಲಿದ್ದ ಎಂದು ಮೂರು ಮೂರು ತಿಂಗಳ ಲೆಕ್ಕದಲ್ಲಿ ಹಿಡಿಯಬಹುದು. ಬೆಂಗಳೂರಿನಿಂದಲೇ ಆಗದೆ ಉಳಿಯುವ ಕೆಲಸ ಅದೊಂದೇ ಇರಬಹುದು. ಲಂಡನ್ನಿಗೆ ಹೋಗುವ ನೆಂಟರ ಕೈಯಲ್ಲಿ ರೆಜಿಮೆಂಟಿನ ಸಂಖ್ಯೆ ಮತ್ತು ವರ್ಷ ಬರೆದ ಚೀಟಿ ಕೊಟ್ಟು ಕಳಿಸಿ.